ರಿವೆಟ್ ಪ್ರಭುಲಿಂಗಪ್ಪ

ಗಜೇಂದ್ರಗಡದ ಪ್ರಭುಲಿಂಗಪ್ಪನ ಪ್ರಕಾರ ಲೋಕ ನಿಂತಿರುವುದು ರಿವೆಟ್ಟಿನ ಮೇಲೆ. ಚಪ್ಪಲಿ, ಬಕೆಟ್ಟು, ಕನ್ನಡಕ ಬಿಡಿ, ಹೆಂಡತಿ ನೀಲವ್ವನ ಹರಿದ ಕೌದಿಗೂ ರಿವೆಟ್ ಬಡಿದಿದ್ದಾನೆ. ಅವಳು ಮಗ್ಗಲು ಬದಲಿಸಿದರೆ ಕೌದಿ ಝಣ್ ಎನ್ನುತ್ತದೆ. ತಾಮ್ರದ ಕೊಡ ಕಂಡರೆ ಸಾಕು, ಕತ್ತರಿಸಿ, ರಿವೆಟ್ ಬಡಿದು ಆಟಿಕೆ ಉಗಿಬಂಡಿಗೆ ಬಾಯ್ಲರ್ ಮಾಡುತ್ತಾನೆ. ಅದರ ಸಂದುಗಳಿಗೆ ಬೆಸುಗೆ ತುಂಬುವವನು ತಮ್ಮ ಸಂಗನಬಸವ. "ಬೆಸಗಿ ಅಂದ್ರ ಸಿಂಬಳ! ನನ್ನ ರಿವೆಟ್ಟಿಗೆ ಅದ್ಯಾಕ ಬೇಕಲೇ?" ಎಂದು ಅಣ್ಣ ದಿನಾ ಬೈಯುತ್ತಾನೆ, ತಮ್ಮ ನಗುತ್ತಲೇ ತುಂಬುತ್ತಾನೆ. ಮೊನ್ನೆ ತಮ್ಮ ಎದೆನೋವೆಂದು ಗದಗಿನ ದವಾಖಾನೆ ಸೇರಿದ. ಈಗ ಹೊಸ ಬಾಯ್ಲರಿಗೆ ಬೆಂಕಿ ಹಾಕಿದರೆ ಸಂದುಸಂದಿನಲ್ಲೂ ಹಬೆ ಬುಸುಗುಟ್ಟುತ್ತದೆ. "ಒಂದೀಟ ಬೆಸಗಿ ನೀವ ಹಚ್ಚರಿ," ಎಂದಳು ನೀಲವ್ವ. ಪ್ರಭುಲಿಂಗಪ್ಪ ಬಾಯ್ಲರಿಗೆ ಅಡ್ಡ ನಿಂತ. "ಮುಟ್ಟಬ್ಯಾಡ! ಸಿಂಬಳ ಹಚ್ಚಾಂವ ಬರೂತನಕ ಸೋರ್ಲಿ."