ದಿನಕ್ಕೆ ಹತ್ತು ಪುಟ

ಕಂದು ಕಾಗದದ ಹೊದಿಕೆ ಹಾಕದೆ ನಾನು ಯಾವ ಪುಸ್ತಕವನ್ನೂ ಓದಿದವನಲ್ಲ. ನೀವು ನಗಬಹುದು, ಮೂವತ್ತು ವರ್ಷ ಮುಖ್ಯೋಪಾಧ್ಯಾಯನಾಗಿದ್ದವನ ಕೈ ಸಿಡ್ನಿಗೆ ಬಂದರೂ ಕತ್ತರಿ, ಅಂಟುಗಳನ್ನೇ ಹುಡುಕುತ್ತದೆ. ಪೆಂಡಲ್ ಹಿಲ್‌ನ ಮಗಳ ಮನೆಯಲ್ಲಿ ನಾನು ಹೀಗೆ ಹೊದಿಕೆ ಹಾಕಿದ ಕೊನೆಯ ಪುಸ್ತಕ ಪೋಲೆಂಡಿನ ಒಂದು ಮಾಂತ್ರಿಕ ಕಾದಂಬರಿಯ ಇಂಗ್ಲಿಷ್ ಅನುವಾದ. ಆ ದೇಶದಲ್ಲಿ ಮನೆಮಾತಾದ ಸರಣಿಯಂತೆ. ಚಾಟ್ಸ್‌ವುಡ್‌ನ ಆಫೀಸಿನಲ್ಲಿ ಯಾರೋ ಹೊಗಳಿದರೆಂದು ಮಗಳು ಮೊದಲೆರಡು ಸಂಪುಟಗಳನ್ನು ತಂದಿದ್ದಳು. ಹಿಮದ ಕಾಡಿನಲ್ಲಿ ಮುದಿ ಸೂಲಗಿತ್ತಿಯೊಬ್ಬಳು ಹಸುಗೂಸು ರಾಜನನ್ನು ಎದೆಗವಚಿಕೊಂಡು ಮಾಯಾವಿಗಳಿಂದ ತಪ್ಪಿಸಿಕೊಂಡು ಓಡುವ ಕಥೆ.

ಅದನ್ನು ಓದಿದ್ದು ನನ್ನ ತಂಗಿ ಶಾರದೆಗಾಗಿ. ಮೆಲ್ಬರ್ನ್‌ನ ವಿಂಡಮ್ ವೇಲ್‌ನಲ್ಲಿ, ಮಗನ ಹೊಸ ಮನೆಯಲ್ಲಿ, ಅವಳು ಹಾಸಿಗೆ ಹಿಡಿದಿದ್ದಳು. ಸಕ್ಕರೆ ಕಾಯಿಲೆ ಕಣ್ಣನ್ನು ಮುಗಿಸಿ ಮೂತ್ರಪಿಂಡಕ್ಕೆ ಕೈಹಾಕಿತ್ತು. ದಿನವೂ ಸಂಜೆ ನಾಲ್ಕಕ್ಕೆ ಫೋನ್ ಮಾಡಿ, ಇಂಗ್ಲಿಷನ್ನು ಬಾಯಲ್ಲೇ ಕನ್ನಡಕ್ಕೆ ತಿರುಗಿಸುತ್ತಾ ಹತ್ತು ಪುಟ ಓದುತ್ತಿದ್ದೆ. ನಮ್ಮ ತಂದೆಯವರು ಪುರಾಣ ಪಾರಾಯಣ ಮಾಡುತ್ತಿದ್ದ ಕ್ರಮವೇ ಅದು: ಇಂದಿನ ಪಾಲು ಇಂದಿಗೆ, ಅಲ್ಲಿಗೆ ಮಂಗಳಾರತಿ, ಮುಂದಿನ ಹಾಳೆಯನ್ನು ಇಣುಕುವಂತಿಲ್ಲ. ಕ್ರಮ ತಪ್ಪಿದರೆ ಓದಿದ್ದು ದಕ್ಕದೆಂದು ಅವರು ನಂಬಿದ್ದರು. ಪರದೇಶದ ಮಾಯಾವಿಗಳಿಗೂ ನಾನು ಅದೇ ನೇಮವನ್ನು ವಿಧಿಸಿದೆ.

ಎರಡನೆಯ ಸಂಪುಟದಲ್ಲಿ ಮೂವತ್ತು ಪುಟ ಉಳಿದಿದ್ದ ಸಂಜೆ, ಸೂಲಗಿತ್ತಿ ಹೆಪ್ಪುಗಟ್ಟಿದ ನದಿಯ ನಡುವೆ ನಿಂತಿದ್ದಳು. ನಮ್ಮ ಪಾಲು ಮುಗಿಯಿತು.

"ಅಣ್ಣಯ್ಯ, ಇವತ್ತು ಕೊನೇವರೆಗೂ ಓದ್ಬಿಡೋ," ಎಂದಳು ಶಾರದೆ.

"ನಾಳೆ."

"ಮಗು ಬೆಳಗ್ಗೆಯಿಂದ ಹಾಲು ಕುಡಿದಿಲ್ಲ ಕಣೋ. ಅದನ್ನ ಐಸ್ ಮೇಲೆ ಬಿಟ್ಟು ಹೋಗ್ತೀಯಾ?"

"ಮೂರೇ ದಿನ ತಡಕೋ. ಪುಸ್ತಕ ಎಲ್ಲೂ ಓಡಿಹೋಗಲ್ಲ."

"ಹಂಗಾದ್ರೆ ಬೆಲ್ ಹೊಡೀರಿ ಹೆಡ್‌ಮಾಸ್ಟ್ರೇ," ಎಂದು ನಕ್ಕಳು. ನಾನೂ ನಕ್ಕು ಫೋನಿಟ್ಟೆ.

ಮರುದಿನ ಬೆಳಿಗ್ಗೆ ಅವಳ ಸೊಸೆ ಫೋನ್ ಮಾಡಿದಳು. ಶಾರದೆಯ ಹೃದಯ ನಿಂತುಹೋಗಿತ್ತು.

ಮೆಲ್ಬರ್ನ್ ವಿಮಾನದಲ್ಲಿ ಆ ಮೂವತ್ತು ಪುಟಗಳನ್ನು ಒಂದೇ ಉಸಿರಿಗೆ ಓದಿದೆ. ಬದುಕಿನಲ್ಲಿ ಮೊದಲ ಸಲ ಪಾಲು ಮೀರಿದೆ. ಕಥೆ ಮುಗಿಯಲಿಲ್ಲ. ಸೂಲಗಿತ್ತಿ ಇನ್ನೂ ಮಂಜುಗಡ್ಡೆಯ ಮೇಲೆಯೇ ಇದ್ದಳು. ಮೂರನೆಯ ಸಂಪುಟ ಇಂಗ್ಲಿಷಿಗೆ ಬಂದಿರಲಿಲ್ಲ. ನಾಚಿಕೆಯಾಗುತ್ತದೆ ಹೇಳಲು, ನನಗೆ ಸಮಾಧಾನವೇ ಆಯಿತು: ಓದಿದ್ದರೂ ಅವಳಿಗೆ ಅಂತ್ಯ ಸಿಗುತ್ತಿರಲಿಲ್ಲ, ನಾನು ಕಸಿದದ್ದು ಏನೂ ಇಲ್ಲ. ಮನುಷ್ಯ ತನ್ನ ತಪ್ಪಿಗೆ ಎಷ್ಟು ಬೇಗ ಹೊದಿಕೆ ಹಾಕಿಕೊಳ್ಳುತ್ತಾನೆ ನೋಡಿ.

ಕರ್ಮಗಳೆಲ್ಲ ಮುಗಿದ ಮೇಲೆ, ಆ ಪುಸ್ತಕಕ್ಕೆ ಕೊನೆಯೇ ಇರಲಿಲ್ಲವೆಂದು ಶಾರದೆಯ ಮೊಮ್ಮಗಳಿಗೆ ಹೇಳಿದೆ.

"ಅಜ್ಜಿಗೆ ಗೊತ್ತಿತ್ತು, ತಾತ," ಎಂದಳು ಹುಡುಗಿ. "ಲಾಸ್ಟ್ ವೀಕೇ ನೆಟ್‌ನಲ್ಲಿ ಚೆಕ್ ಮಾಡಿ ಹೇಳಿದ್ದೆ, ನೋ ಎಂಡಿಂಗ್ ಅಂತ. ಡೋಂಟ್ ಟೆಲ್ ತಾತ ಅಂದ್ರು. ಗೊತ್ತಾದ್ರೆ ನೀವು ಓದೋದು ಸ್ಟಾಪ್ ಮಾಡ್ತೀರಂತೆ."

ಕೊನೆಯಿಲ್ಲವೆಂದು ತಿಳಿದೇ ಅವಳು ಕೊನೆಯವರೆಗೆ ಓದು ಎಂದಿದ್ದಳು. ಬೇಕಾಗಿದ್ದುದು ಇನ್ನು ಮೂವತ್ತು ಪುಟದಷ್ಟು ಹೊತ್ತು ಅಣ್ಣನ ದನಿ. ಆ ಹೊತ್ತು ನನ್ನಲ್ಲಿ ಇತ್ತು. ಅಂದು ಫೋನಿಟ್ಟ ಮೇಲೆ ನಾನು ಕರವಸ್ತ್ರಗಳನ್ನು ಮಡಿಸಿಟ್ಟು, ಏಳು ಗಂಟೆಗೆ ಮಗಳು ಊಟಕ್ಕೆ ಕರೆಯುವವರೆಗೂ ಕಿಟಕಿಯ ಬಳಿ ಸುಮ್ಮನೆ ಕುಳಿತಿದ್ದೆ.