ಇಪ್ಪತ್ತು ಗುಲಾಬಿ ದಾಟಿದರೆ ನೀರು

ತಲೆ ತುಂಬ ಶಾಂಪೂ ನೊರೆ ಹೊತ್ತು, ನಮ್ಮ ಬಸವೇಶ್ವರನಗರದ ಮನೆಯ ಮೇಲಿನ ಪೋರ್ಷನ್ನಿನ ಶೈಲಾ ಬಾಗಿಲಲ್ಲಿ ನಿಂತಿದ್ದಳು. ಅವಳಿಗೆ ಕಣ್ಣು ಕಾಣದು. ಮೆಸೇಜುಗಳನ್ನು, ಅದರಲ್ಲಿರುವ ಇಮೋಜಿಗಳ ಹೆಸರು ಸಮೇತ, ಫೋನೇ ಗಟ್ಟಿಯಾಗಿ ಓದಿ ಹೇಳುತ್ತದೆ.

“ನೀರು ನಿಲ್ಲುತ್ತೆ ಅಂತ ಬೆಳಿಗ್ಗೇನೇ ವಾಟ್ಸಾಪ್ ಗ್ರೂಪಿಗೆ ಹಾಕಿದ್ನಲ್ಲಮ್ಮ!” ಎಂದು ಓನರ್ ಗತ್ತಿನಲ್ಲಿ ರೇಗಿದೆ.

“ನೀವೇ ಕೇಳಿ ಆಂಟಿ,” ಎಂದು ಫೋನ್ ಮುಟ್ಟಿದಳು. ಅದು ಶುರುವಿಟ್ಟುಕೊಂಡಿತು: “ಶುಭೋದಯ. ಮುಗಿದ ಕೈಗಳು, ಗುಲಾಬಿ, ಮುಗಿದ ಕೈಗಳು, ಗುಲಾಬಿ...” ನಾನು ಹಾಕಿದ್ದ ಇಪ್ಪತ್ತೂ ಗುಲಾಬಿ ಮುಗಿಯುವಷ್ಟರಲ್ಲಿ ನೊರೆ ಅವಳ ಕುತ್ತಿಗೆಗೆ ಇಳಿದಿತ್ತು. ಆಮೇಲೆ ಬಂತು: “ಎಂಟಕ್ಕೆ ನೀರು ನಿಲ್ಲುತ್ತೆ.”

“ಹತ್ತು ಗುಲಾಬಿ ಕೇಳಿ ಸ್ನಾನಕ್ಕೆ ಹೋಗ್ಬಿಟ್ಟೆ ಆಂಟಿ.”

ಒಂದು ಬಕೆಟ್ ನೀರು ಕೊಟ್ಟು ಕಳಿಸಿದೆ.

ಮರುದಿನವೂ ಮೋಟಾರ್ ರಿಪೇರಿ. ಹೂವಿಲ್ಲದೆ, ಕೈಯಿಲ್ಲದೆ ಬರೀ “ಎಂಟಕ್ಕೆ ನೀರು ನಿಲ್ಲುತ್ತೆ” ಎಂದು ಹಾಕಿದೆ. ಶೈಲಾ ಏಳೂವರೆಗೇ ಸ್ನಾನ ಮುಗಿಸಿದಳು. ಮಿಕ್ಕ ಬಾಡಿಗೆಯವರು ಮಾತ್ರ ಒಬ್ಬೊಬ್ಬರಾಗಿ ಬಾಗಿಲಿಗೆ ಬಂದರು: “ಆಂಟಿ, ನಮ್ಮಿಂದ ಏನಾದ್ರೂ ತಪ್ಪಾಯ್ತಾ?”