ದಿನಕ್ಕೊಂದು ಹಾಳೆ

ಆಗೆಲ್ಲ ನಮ್ಮೂರಿನ ಮಕ್ಕಳಿಗೆ ಹೊಸ ಪುಸ್ತಕದ ವಾಸನೆಯೇ ಗೊತ್ತಿರಲಿಲ್ಲ. ಶಾಲೆಯ ಪುಸ್ತಕವೂ ಅಕ್ಕನೋ ಅಣ್ಣನೋ ಓದಿ, ಮೂಲೆ ಮಡಚಿ, ಚಿತ್ರಗಳಿಗೆಲ್ಲ ಮೀಸೆ ಬರೆದು ಬಿಟ್ಟದ್ದು. ನಿಮ್ಮಲ್ಲೂ ಎಷ್ಟೋ ಜನ ಹಾಗೇ ಓದಿ ಬಂದಿರುತ್ತೀರಿ. ಆದರೆ ಹೊಸ ಪುಸ್ತಕ ಕಣ್ಣೆದುರೇ ಇದ್ದೂ ಮುಟ್ಟಲಾಗದೆ ಹೋದ ಸಂಕಟ ಎಷ್ಟು ಜನಕ್ಕೆ ಗೊತ್ತೋ ಕಾಣೆ. ನನಗೆ ಗೊತ್ತು. ಇಷ್ಟು ವರ್ಷವಾದರೂ ನೆನೆದರೆ ಮೈ ಉರಿಯುತ್ತದೆ.

ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ ಹೋಗುವ ರಸ್ತೆಯಲ್ಲಿ ನಮ್ಮೂರು. ನಾನಾಗ ಐದನೇ ಕ್ಲಾಸು. ಚೆಂಡುಹೂವಿನ ಕಾಲ. ಹೂವಿನ ಮೂಟೆ ಹೊತ್ತ ಲಾರಿಗಳು ಹೋದ ಮೇಲೆ ರಸ್ತೆಯೆಲ್ಲ ಹಳದಿ. ಹೂ ಬಿಡಿಸಿ ಬಿಡಿಸಿ ನಮ್ಮ ಕೈಗೆ ಎಂಥದೋ ಕಹಿ ವಾಸನೆ; ಎಷ್ಟು ತೊಳೆದರೂ ಹೋಗದು, ಮುದ್ದೆ ಉಂಡರೆ ಮುದ್ದೆಯೂ ಕಹಿ. ಆ ಕಾಲದಲ್ಲೇ ನಮ್ಮೂರಿನ ಲೈಬ್ರರಿಗೆ ಮಕ್ಕಳ ಪುಸ್ತಕಗಳ ಕಟ್ಟು ಬಂತು.

ನಾನು ಮತ್ತು ನನ್ನ ಜೊತೆಗಾತಿ ರಾಜಿ ಸ್ಕೂಲು ಬಿಟ್ಟಿದ್ದೇ ಓಡಿದೆವು. ಲೈಬ್ರರಿ ನೋಡಿಕೊಳ್ಳುತ್ತಿದ್ದವರನ್ನು ಊರೆಲ್ಲ ಬುಕ್ಕಿನ ಮೇಷ್ಟ್ರು ಅನ್ನುತ್ತಿತ್ತು. ಮೇಷ್ಟ್ರು ಅಷ್ಟೂ ಪುಸ್ತಕಗಳನ್ನು ಗಾಜಿನ ಮುಚ್ಚಳದ ಪೆಟ್ಟಿಗೆಯಲ್ಲಿ ಜೋಡಿಸಿ ಬೀಗ ಜಡಿದಿದ್ದರು. ಒಂದನ್ನು ಮಾತ್ರ ಚೆಂದಕ್ಕೆಂದು ಬಿಡಿಸಿ ಇಟ್ಟಿದ್ದರು.

"ಸಾರ್, ಮನೆಗೆ ಕೊಡ್ತೀರಾ?"

"ಮುಟ್ಟಬೇಡಿ. ಚೆಂಡುಹೂವಿನ ಕೈ. ಚಾಮರಾಜನಗರದಿಂದ ಸಾಹೇಬ್ರು ನೋಡೋಕೆ ಬರ್ತಾರೆ, ಅಲ್ಲೀವರೆಗೂ ಒಂದು ಕಲೆ ಆಗಬಾರದು."

ಏನು ಹೇಳಲಿ! ಅದೇನು ಅವರಪ್ಪನ ಮನೆಯಿಂದ ತಂದ ಪುಸ್ತಕವೇ? ಮಕ್ಕಳಿಗೆಂದೇ ಬಂದದ್ದು, ಮಕ್ಕಳೇ ಮುಟ್ಟಬಾರದಂತೆ.

ಬಿಡಿಸಿಟ್ಟ ಪುಸ್ತಕದ ಎರಡು ಪುಟವನ್ನು ಗಾಜಿಗೆ ಮೂಗೊತ್ತಿ ಓದಿದೆವು. ಸಮುದ್ರದ ನಡುವೆ ಒಂದು ಬಂಡೆ, ಬಂಡೆಯ ಮೇಲೆ ದೀಪದ ಗೋಪುರ, ಅದರಲ್ಲಿ ಒಬ್ಬ ಹುಡುಗಿ, ಅವಳಪ್ಪ. ಸಮುದ್ರವನ್ನೇ ಕಾಣದ ನಮಗೆ ಅಷ್ಟು ನೀಲಿ ನೋಡಿಯೇ ತಲೆ ತಿರುಗಿತು. ಅಪ್ಪ ದೋಣಿ ಹತ್ತಿ ಎಣ್ಣೆ ತರಲು ಹೊರಡುತ್ತಾನೆ. ಅಷ್ಟಕ್ಕೆ ಪುಟ ಮುಗಿಯಿತು.

ಮಾರನೇ ದಿನ ಬೆಳಿಗ್ಗೆ ಎಂಟಕ್ಕೇ ಹೋದೆವು. ಬಾಗಿಲು ತೆಗೆದು ಕಸ ಗುಡಿಸುತ್ತಿದ್ದವಳು ಮಾದಮ್ಮ. ಪೆಟ್ಟಿಗೆ ಒರೆಸಬೇಕಲ್ಲ, ಬೀಗದ ಕೈ ಅವಳ ಸೆರಗಿನ ಗಂಟಿನಲ್ಲೇ ಇರುತ್ತಿತ್ತು. ಮೇಷ್ಟ್ರು ಬರುವುದು ಒಂಬತ್ತೂವರೆಗೆ.

"ಮಾದಮ್ಮ, ಒಂದೇ ಒಂದು ಹಾಳೆ ತಿರುಗ್ಸು."

"ಅಯ್ಯೋ, ನನ್ ಕೆಲ್ಸ ಓಯ್ತದೆ ಕಣಮ್ಮಿ. ಅದ್ರಲ್ಲಿ ಅಂತಾದ್ದು ಯಾನದೆ?"

ಓದಿದ್ದಷ್ಟನ್ನು ಹೇಳಿದೆ. ಅಪ್ಪ ದೋಣಿಯಲ್ಲಿ ಹೋದ ಅಂದಾಗ ಅವಳ ಪೊರಕೆ ನಿಂತಿತು.

"ಆಮೇಕೆ? ಬಂದ್ನಾ?"

"ಗೊತ್ತಿಲ್ಲ. ಮುಂದಿನ ಹಾಳೇಲಿದೆ."

ಮಾದಮ್ಮನ ಗಂಡ ಎರಡು ವರ್ಷದ ಹಿಂದೆ ವಯನಾಡಿಗೆ ಮೆಣಸು ಬಿಡಿಸುವ ಕೆಲಸಕ್ಕೆ ಹೋದವನು, ಸುದ್ದಿಯೇ ಇರಲಿಲ್ಲ. ಊರಿಗೆಲ್ಲ ಗೊತ್ತಿದ್ದ ವಿಷಯ. ನಮಗೂ ಗೊತ್ತಿತ್ತು, ಆದರೆ ಆಗ ಅದು ಹೊಳೆಯಲಿಲ್ಲ. ಅವಳು ಬಾಗಿಲ ಕಡೆ ನೋಡಿ, ಸೆರಗಿನ ಗಂಟು ಬಿಚ್ಚಿದಳು.

"ದಿನಕ್ಕೊಂದೇ ಹಾಳೆ ಕಣಮ್ಮಿ. ಎಚ್ಗೆ ತಿರುಗ್ಸುದ್ರೆ ಅವ್ರಿಗೆ ಗೊತ್ತಾಯ್ತದೆ."

ಹೀಗೆ ಶುರುವಾಯಿತು. ಪ್ರತಿ ಪುಟದಲ್ಲೂ ನೀಲಿ ಸಮುದ್ರವೇ ಇದ್ದದ್ದರಿಂದ ಮೇಷ್ಟ್ರಿಗೆ ಏನೂ ತಿಳಿಯಲಿಲ್ಲ. ಲಂಗದ ಜೇಬಿನಲ್ಲಿ ಹುರಿದ ಕಡ್ಲೆಕಾಯಿ ತುಂಬಿಕೊಂಡು ಹೋಗುತ್ತಿದ್ದೆವು. ನಾನು ಗಟ್ಟಿಯಾಗಿ ಓದುವುದು, ರಾಜಿ ಬಾಗಿಲು ಕಾಯುವುದು, ಮಾದಮ್ಮ ಕಡ್ಲೆಕಾಯಿ ಬಿಡಿಸುತ್ತ ಕೇಳುವುದು. ಅವಳಿಗೆ ಅಕ್ಷರ ಬಾರದು. ಒಂದು ದಿನ ನಾಲ್ಕೈದು ಹಾಳೆಗಳನ್ನು ಒಟ್ಟಿಗೇ ಹಿಂದಕ್ಕೆ ತಿರುಗಿಸಿಬಿಟ್ಟಳು. ಎಣ್ಣೆ ಮುಗಿಯುತ್ತ ಬಂದಿದ್ದ ದೀಪಕ್ಕೆ ಮತ್ತೆ ಎಣ್ಣೆ ತುಂಬಿಕೊಂಡಿತು! "ಅಯ್ಯೋ ಮಾದಮ್ಮ, ಹಿಂದಕ್ಕೆ ಹೋಯ್ತು ಕಥೆ" ಅಂತ ರಾಜಿ ಕಾಲು ಬಡಿದಳು. "ಓಗ್ಲಿ ಬುಡು, ಅಪ್ಪ ಇನ್ನೂ ಮನೇಲೇ ಅವ್ನಲ್ಲ" ಎಂದು ಮಾದಮ್ಮ ನಕ್ಕಳು.

ಕೊನೆಗೆ ಒಂದೇ ಹಾಳೆ ಉಳಿಯಿತು. ಎಣ್ಣೆ ಮುಗಿದಿದೆ. ಹುಡುಗಿ ತನ್ನ ಮರದ ಪೆಟ್ಟಿಗೆಯನ್ನೇ ಒಡೆದು ಉರಿ ಹಚ್ಚಿದ್ದಾಳೆ. ದೂರದಲ್ಲಿ ಒಂದು ಕರಿ ಚುಕ್ಕೆ. ದೋಣಿಯೋ ಬಂಡೆಯೋ ತಿಳಿಯದು.

"ದೋಣಿಯೇಯ" ಅಂದಳು ಮಾದಮ್ಮ. ಅವಳ ಕಣ್ಣಲ್ಲಿ ನೀರಿತ್ತು. "ಈಗ್ಲೇ ತಿರುಗ್ಸ್ಬುಡ್ಲಾ?"

ಬಾಗಿಲಲ್ಲಿ ಮೇಷ್ಟ್ರು! ಸಾಹೇಬರು ಬರುವ ದಿನವೆಂದು ಅವತ್ತು ಬೇಗ ಬಂದಿದ್ದರು. ಪೆಟ್ಟಿಗೆ ತೆರೆದಿದೆ, ಮಾದಮ್ಮನ ಕೈ ಹಾಳೆಯ ಮೇಲಿದೆ. ಅವರು ಆಡಿದ ಮಾತನ್ನು ನಾನಿಲ್ಲಿ ಬರೆಯುವುದಿಲ್ಲ. ಅಷ್ಟು ದೊಡ್ಡ ಹೆಂಗಸನ್ನು ಇಬ್ಬರು ಮಕ್ಕಳೆದುರು ಹಾಗೆ ಬೈಯಬಹುದು ಅಂತಲೇ ನನಗೆ ಗೊತ್ತಿರಲಿಲ್ಲ. ಬೀಗದ ಕೈ ಕಿತ್ತುಕೊಂಡರು. ಅವಳು ತಲೆ ಬಗ್ಗಿಸಿ ಕಡ್ಲೆಕಾಯಿ ಸಿಪ್ಪೆ ಗುಡಿಸಿದಳು.

ನಾವು ಸ್ಕೂಲಿಗೂ ಹೋಗದೆ ಜಗಲಿಯಲ್ಲೇ ನಿಂತಿದ್ದೆವು. ಹತ್ತಕ್ಕೆ ಸಾಹೇಬರು ಬಂದರು. ಗಾಜಿನೊಳಗೆ ನೋಡಿ, "ಭೇಷ್! ಒಂದು ಗೀರಿಲ್ಲ, ಹೊಸದರ ಹಾಗೇ ಇಟ್ಟಿದ್ದೀರಿ" ಅಂದರು. ಮೇಷ್ಟ್ರು ಕೈ ಕಟ್ಟಿ ನಕ್ಕರು. ನನಗೆ ತಡೆಯಲಾಗಲಿಲ್ಲ.

"ಸಾರ್, ಓದೋಕೆ ಕೊಡಲ್ಲ ಸಾರ್."

ಸಾಹೇಬರು ನನ್ನ ಕೆನ್ನೆ ತಟ್ಟಿದರು. "ದೊಡ್ಡೋಳಾಗು ಮರಿ, ಕೊಡ್ತಾರೆ."

ಮಕ್ಕಳ ಪುಸ್ತಕ, ದೊಡ್ಡವಳಾದ ಮೇಲೆ! ಕೆನ್ನೆ ತಟ್ಟಿದ ಆ ಕೈಯನ್ನು ಕಚ್ಚಬೇಕಿತ್ತು ಎಂದು ಈಗಲೂ ಅನ್ನಿಸುತ್ತದೆ.

ಸಂಜೆ ಹೊತ್ತಿಗೆ ಪುಸ್ತಕಗಳು ಕಬ್ಬಿಣದ ಬೀರು ಸೇರಿದ್ದವು. ಮಾದಮ್ಮನಿಗೆ ಆಮೇಲೆ ಬೀಗದ ಕೈ ಸಿಗಲಿಲ್ಲ. ದಾರಿಯಲ್ಲಿ ಸಿಕ್ಕಾಗಲೆಲ್ಲ ಮೆಲ್ಲಗೆ ಕೇಳುತ್ತಿದ್ದಳು, "ಗೊತ್ತಾಯ್ತಾ ಅಮ್ಮಿ, ಬಂದ್ನಾ?" ಸುಳ್ಳಾದರೂ ಬಂದ ಅನ್ನಬಹುದಿತ್ತು. ಹತ್ತು ವರ್ಷದವಳಿಗೆ ಅದು ತೋಚಲಿಲ್ಲ. "ಇಲ್ಲ ಮಾದಮ್ಮ, ಗೊತ್ತಾಗಲಿಲ್ಲ" ಅನ್ನುತ್ತಿದ್ದೆ.

ನಾನೀಗ ಗುಂಡ್ಲುಪೇಟೆಯಲ್ಲಿ ಟೀಚರ್. ಹೋದ ತಿಂಗಳು ಊರಿಗೆ ಹೋದಾಗ ಲೈಬ್ರರಿಯೊಳಗೆ ಇಣುಕಿದೆ. ಮಕ್ಕಳ ಹೊಸ ಪುಸ್ತಕಗಳು ಬಂದಿದ್ದವು, ಮಕ್ಕಳು ನೆಲದ ಮೇಲೆ ಬಿದ್ದುಕೊಂಡು ಓದುತ್ತಿದ್ದರು, ಚೀಲಕ್ಕೆ ತುರುಕಿಕೊಂಡು ಮನೆಗೂ ಒಯ್ಯುತ್ತಿದ್ದರು. ಖುಷಿಯಾಯಿತು, ಸುಳ್ಳು ಹೇಳುವುದಿಲ್ಲ. ಜಗಲಿಯ ಮೇಲೆ ರದ್ದಿಗೆ ಹಾಕಲು ಹಳೆಯ ಪುಸ್ತಕ ಪೇರಿಸಿದ್ದರು. ಅದರಲ್ಲಿ ಆ ನೀಲಿ ಕಂಡಿತು.

ಹಿಂಬದಿಯ ದಿನಾಂಕದ ಚೀಟಿಯಲ್ಲಿ ಒಂದೇ ಒಂದು ಮುದ್ರೆಯೂ ಇರಲಿಲ್ಲ. ಈಗಿನ ಲೈಬ್ರರಿ ಹುಡುಗಿ ಬಗ್ಗಿ ನೋಡಿ, "ಅದು ಯಾರಿಗೂ ಬೇಡವಾಗಿತ್ತು ಅನ್ಸುತ್ತೆ ಮೇಡಂ, ಒಬ್ರೂ ತಗೊಂಡೇ ಇಲ್ಲ. ನಿಮಗೆ ಬೇಕಿದ್ರೆ ಹಂಗೇ ಇಟ್ಕೊಳ್ಳಿ" ಅಂದಳು.

ಯಾರಿಗೂ ಬೇಡವಾಗಿತ್ತಂತೆ! ಪಾಪ, ಆ ಹುಡುಗಿಯದೇನು ತಪ್ಪು. ಆದರೂ ನನ್ನ ದನಿ ಏರಿತು. "ಹಂಗೇ ಬೇಡಮ್ಮ. ಚೀಟಿಗೆ ಮುದ್ರೆ ಒತ್ತಿ ಕೊಡು." ಅವಳು ನನ್ನ ಮುಖ ನೋಡಿ, ಮುದ್ರೆ ಒತ್ತಿ ಕೊಟ್ಟಳು.

ಜಗಲಿಯ ಮೇಲೆಯೇ ಕೂತು ಕೊನೆಯ ಹಾಳೆ ತಿರುಗಿಸಿದೆ. ಐದು ಸಾಲು. ಅರ್ಧ ನಿಮಿಷದಲ್ಲಿ ಓದಿ ಮುಗಿಯಿತು. ಸಾಹೇಬರು ಹೇಳಿದ ಹಾಗೇ ಆಯಿತು, ದೊಡ್ಡವಳಾದ ಮೇಲೆ ಕೊಟ್ಟರು. ಆದರೆ ಹತ್ತು ವರ್ಷದವಳ ಎದೆ ಬಡಿದುಕೊಳ್ಳುತ್ತಿದ್ದ ಹಾಗೆ ಈ ಎದೆ ಬಡಿದುಕೊಳ್ಳಲಿಲ್ಲ.

ಮಾದಮ್ಮ ತೀರಿಕೊಂಡು ಆರು ವರ್ಷವಾಯಿತು. ಅವಳ ಗಂಡ ಕೊನೆಗೂ ಬರಲಿಲ್ಲ.

ಪುಸ್ತಕದಲ್ಲಿ ಅಪ್ಪ ಬಂದ, ಮಾದಮ್ಮ. ಅದು ದೋಣಿಯೇ.